ಡೆಲ್ಮರ್ ನೆಲದಿಂದ ಎತ್ತಿಕೊಂಡ ಹಳದಿ ಬಟ್ಟೆ

ವಾರವಿಡೀ ಡೆಲ್ಮರ್ ಹ್ರುಸ್ಕಾ ನಮ್ಮೂರಿನ ಮನೆಮನೆಗೆ ಗ್ಯಾಸ್ ತುಂಬಿಸುವ ಲಾರಿ ಓಡಿಸುತ್ತಾರೆ. ಶನಿವಾರ ಬಂತೆಂದರೆ ಕಪ್ಪು-ಬಿಳಿ ಪಟ್ಟೆಯ ಅಂಗಿ ತೊಟ್ಟು ಮಕ್ಕಳ ಅಮೆರಿಕನ್ ಫುಟ್‌ಬಾಲಿಗೆ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ, ರೆಫರಿಯಾಗುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಹೀಗೆಯೇ.

ಒಮಾಹಾದಲ್ಲಿ ಓದಿ ಬೆಳೆದು, ಮದುವೆಯಾಗಿ ನೆಬ್ರಾಸ್ಕಾದ ಈ ಮೂಲೆಗೆ ಬಂದ ನನಗೆ ಎಲ್ಲದಕ್ಕೂ ಹೆದರಿಕೆ. ಒಂಬತ್ತು ವರ್ಷದ ಮಗ ಟೋಬಿ ತಂಡ ಸೇರಿದ ಮೇಲಂತೂ ಅವನ ಹಲ್ಲು, ಕತ್ತು, ಮೊಣಕಾಲು ಎಂದು ದಿನಕ್ಕೊಂದು ಚಿಂತೆ. ಆದರೆ ಹೋದ ವರ್ಷದ ಒಂದು ಪಂದ್ಯ ಅವೆಲ್ಲಕ್ಕಿಂತ ದೊಡ್ಡ ದಿಗಿಲು ಹುಟ್ಟಿಸಿತ್ತು. ಪಕ್ಕದೂರಿನ ಹುಡುಗನೊಬ್ಬ ಚೆಂಡು ಕೈಗೆ ಬಂದ ಮೇಲೆ "ಚೆಂಡು ಸರಿಯಿಲ್ಲ" ಎನ್ನುತ್ತಾ ತನ್ನ ಕೋಚ್ ಕಡೆ ಸುಮ್ಮನೆ ನಡೆದ. ಎದುರು ತಂಡದ ಮಕ್ಕಳು ಆಟ ನಿಂತಿದೆಯೆಂದು ನಂಬಿ ನೋಡುತ್ತಾ ನಿಂತರು. ಅವನು ಒಂದೇ ಓಟಕ್ಕೆ ಅಂಕದ ಗೆರೆ ದಾಟಿದ. ಎಲ್ಲವೂ ಕೋಚ್ ಕಲಿಸಿದ ನಾಟಕ. ಡೆಲ್ಮರ್ ಸೊಂಟದಲ್ಲಿದ್ದ, ತಪ್ಪಾಟಕ್ಕೆ ಎಸೆಯುವ ಹಳದಿ ಬಟ್ಟೆಯನ್ನು ನೆಲಕ್ಕೆಸೆದರು. ಅಂಕ ರದ್ದು, ದಂಡವಾಗಿ ಹದಿನೈದು ಗಜ ಹಿಂದಕ್ಕೆ. ಆ ಹುಡುಗನನ್ನು ಈಗಲೂ ಎಲ್ಲರೂ 'ಸುಳ್ಳ' ಎಂದೇ ಕರೆಯುತ್ತಾರೆ. ನನ್ನ ಟೋಬಿಗೂ ಅಂಥ ಹೆಸರು ಅಂಟಿಬಿಟ್ಟರೆ?

ಅಂದೇ ನಾನು ಕೇಳಿದ್ದೆ, "ಎಲ್ಲರೂ ಮೋಸದಾಟ ಆಡ್ತಾರಲ್ಲ ಡೆಲ್ಮರ್? ಎಡಕ್ಕೆ ಓಡೋ ಹಾಗೆ ಮಾಡಿ ಬಲಕ್ಕೆ ಓಡಲ್ವಾ?"

"ಅದು ಆಟಾನೇ ಕಣಮ್ಮಾ. ಚೆಂಡು ಬಚ್ಚಿಟ್ಕೊಳ್ಳಲಿ, ಕೊಟ್ಟ ಹಾಗೆ ಮಾಡಿ ಕೊಡದೇ ಇರಲಿ, ನಾನು ಬೇಡ ಅನ್ನಲ್ಲ. ಆದ್ರೆ ಆಟಾನೇ ನಿಂತಿದೆ ಅಂತ ನಂಬಿಸೋದು, ಬೂಟಿನ ಲೇಸು ಬಿಚ್ಚಿದೆ, ಚೆಂಡು ಬದಲಾಗಿದೆ ಅನ್ನೋದು, ಅದು ಬರೀ ಸುಳ್ಳು."

ಪಂದ್ಯಕ್ಕೆ ಮುಂಚೆ ಇಬ್ಬರು ಕೋಚ್‌ಗಳನ್ನೂ ಬೇರೆಬೇರೆಯಾಗಿ ಪಕ್ಕಕ್ಕೆ ಕರೆದು, "ಇವತ್ತು ಏನಾದ್ರೂ ಚಮತ್ಕಾರ ಇದ್ಯೇನಪ್ಪಾ?" ಎಂದು ಅವರು ಕೇಳುವುದುಂಟು. ಮೊದಲೇ ಗೊತ್ತಿದ್ದರೆ ತಾವೇ ಮೋಸಹೋಗಿ ಸೀಟಿ ಊದುವುದು ತಪ್ಪುತ್ತದೆ. ಕೇಳಿದ ಗುಟ್ಟು ಅವರ ಹೊಟ್ಟೆಯಲ್ಲೇ ಉಳಿಯುತ್ತದೆ.

ಈ ಅಕ್ಟೋಬರಿನ ಒಂದು ಶನಿವಾರ ನಮ್ಮ ಕೋಚ್ ಪಾವ್ಲಿಕ್, "ಏನೂ ಇಲ್ಲ. ಇವ್ರು ನೆಟ್ಟಗೆ ಓಡಿದ್ರೆ ಅದೇ ಚಮತ್ಕಾರ" ಎಂದಿದ್ದರು.

ಜಿನುಗು ಮಳೆ. ನಾವು ಆರು ಅಂಕ ಹಿಂದಿದ್ದೆವು. ಚೆಂಡು ಒದ್ದೆಯಾಯಿತೆಂದು ಡೆಲ್ಮರ್ ತಮ್ಮ ಚೀಲದಿಂದ ಒಣಗಿದ್ದೊಂದನ್ನು ತೆಗೆದಿಟ್ಟರು. ಆಟ ಶುರುಮಾಡಲು ಮುಂದೆ ಬಗ್ಗಿದ್ದ ನಮ್ಮ ತಂಡದ ಹುಡುಗ ಅದನ್ನು ಕಾಲಸಂದಿಯಿಂದ ಟೋಬಿಯ ಕೈಗೆ ಕೊಟ್ಟ. ಟೋಬಿ ಓಡಲಿಲ್ಲ, ಎಸೆಯಲೂ ಇಲ್ಲ. ಚೆಂಡನ್ನೇ ನೋಡುತ್ತಾ ಡೆಲ್ಮರ್ ಕಡೆ ನಡೆದ.

"ಸರ್, ಈ ಚೆಂಡು ಸರಿಯಿಲ್ಲ."

ಹೋದ ವರ್ಷದ ಅದೇ ಮಾತು. ಎದುರು ತಂಡದ ಮಕ್ಕಳು ನಿಂತೇಬಿಟ್ಟರು. "ಓಡೋ ಟೋಬಿ, ಓಡೋ!" ಎಂದು ಪಾವ್ಲಿಕ್ ಕಿರುಚಿದರು. ಬೆಚ್ಚಿದ ಟೋಬಿ ಓಡಿದ, ಗೆರೆ ದಾಟಿದ. ಹಳದಿ ಬಟ್ಟೆ ನೆಲಕ್ಕೆ ಬಿತ್ತು.

"ಇನ್ನೊಬ್ಬ ಸುಳ್ಳ!" ಎದುರಿನ ಬೆಂಚಿನಿಂದ ಅಜ್ಜಿಯೊಬ್ಬರು ಛತ್ರಿ ಬೀಸಿದರು. "ಏ ಪಾವ್ಲಿಕ್, ಮಕ್ಳಿಗೆ ಇದೇನಾ ಕಲಿಸೋದು?"

"ನಾನೇನೂ ಕಲಿಸಿಲ್ಲ ಕಣಜ್ಜಿ!"

ಯಾರು ನಂಬುತ್ತಾರೆ? ನಾನು ಬೇಲಿಯ ತನಕ ಓಡಿದ್ದೆ. ಡೆಲ್ಮರ್ ಕೆಸರಲ್ಲೇ ಟೋಬಿಯ ಮುಂದೆ ಮೊಣಕಾಲೂರಿದರು.

"ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ ಸರ್. ಚೆಂಡು ದಪ್ಪ ಇದೆ. ಬೆರಳೇ ಸುತ್ತಲ್ಲ."

"ಮತ್ತೆ ಓಡಿದ್ದ್ಯಾಕೆ?"

"ಕೋಚ್ ಓಡು ಅಂದ್ರು."

ಡೆಲ್ಮರ್ ಚೆಂಡನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿ, ಅದರ ಮೇಲಿನ ಅಳತೆಯ ಅಚ್ಚು ಓದಿದರು. ಬೆಳಗ್ಗೆ ದೊಡ್ಡ ಹುಡುಗರು ಆಡಿದ್ದ ಚೆಂಡು ಅವರ ಚೀಲದಲ್ಲೇ ಉಳಿದಿತ್ತು. ಆ ಅಚ್ಚು ಕಂಡದ್ದು ಅವರೊಬ್ಬರಿಗೇ. ಹದಿನೈದು ಗಜವೆಂದು ಕೂಗಿಬಿಟ್ಟಿದ್ದರೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ. ಅವರು ಬಗ್ಗಿ ಹಳದಿ ಬಟ್ಟೆ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದರು.

"ತಪ್ಪು ನಂದು!" ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು. "ಇದು ದೊಡ್ಡ ಹುಡುಗ್ರ ಚೆಂಡು. ಇಟ್ಟೋನು ನಾನೇ. ಈ ಹುಡುಗ ನಿಜ ಹೇಳಿದಾನೆ. ಅಂಕಾನೂ ಇಲ್ಲ, ದಂಡಾನೂ ಇಲ್ಲ, ಮತ್ತೆ ಆಡಿ!"

"ಕನ್ನಡಕ ಗ್ಯಾಸ್ ಲಾರೀಲಿ ಬಿಟ್ಟು ಬಂದ್ಯೇನೋ ಡೆಲ್ಮರ್?" ಯಾರೋ ಕೂಗಿದರು.

"ಇಪ್ಪತ್ತಾರು ವರ್ಷಕ್ಕೆ ಒಂದ್ಸಲ ಒಪ್ಕೊಂಡ್ಯಲ್ಲ, ಅಷ್ಟೇ ಸಾಕು!" ಎಂದರು ಛತ್ರಿಯ ಅಜ್ಜಿ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬೇಲಿ ಹಿಡಿದುಕೊಂಡು ಉಸಿರು ಬಿಟ್ಟೆ.

ಅದೇ ಆರು ಅಂಕದಿಂದ ಸೋತೆವು. ಆಮೇಲೆ ಶಾಲೆಯ ಊಟದ ಮನೆಯಲ್ಲಿ ಟೋಬಿ ಇಲ್ಲಿಯ ರೂಢಿಯಂತೆ ಖಾರದ ರಾಜ್ಮಾ-ಮಾಂಸದ ಸಾರಿಗೆ ದಾಲ್ಚಿನ್ನಿ ಬನ್ನು ಅದ್ದಿಕೊಂಡು ಎರಡು ತಿಂದ. ನಾನು ಪಕ್ಕದಲ್ಲಿದ್ದ ಡೆಲ್ಮರ್‌ರನ್ನು ಕೇಳದೆ ಇರಲಾರದೆ ಹೋದೆ, "ಚೆಂಡು ಸರಿಯಿದ್ದಿದ್ರೆ?"

"ದಂಡ ಹಾಕ್ತಿದ್ದೆ. ಆದ್ರೆ ಇವನ ಹೆಸರಲ್ಲಲ್ಲ, ಕಿರುಚಿದ ಪಾವ್ಲಿಕ್ ಹೆಸರಲ್ಲಿ." ಅವರು ಬನ್ನನ್ನು ತಟ್ಟೆಗಿಟ್ಟರು. "ಹೋದ ವರ್ಷಾನೂ ತಪ್ಪು ಕೋಚ್‌ದು, ಹುಡುಗಂದಲ್ಲ ಅಂತ ಜೋರಾಗಿ ಹೇಳ್ಬೇಕಿತ್ತು ಕಣಮ್ಮಾ. ಹೇಳ್ಲಿಲ್ಲ."

ಮುಂದಿನ ಶನಿವಾರ ಪಕ್ಕದೂರಿನ ಮೇಲೆ ಪಂದ್ಯವಿತ್ತು. ಆಟಕ್ಕೆ ಮುಂಚೆ ಡೆಲ್ಮರ್ ಟೋಬಿಯನ್ನೂ, ಎಲ್ಲರೂ 'ಸುಳ್ಳ' ಎನ್ನುವ ಆ ಹುಡುಗನನ್ನೂ ಮೈದಾನದ ನಡುವೆ ಕರೆದು ಚೆಂಡು ಕೊಟ್ಟರು. ಟೋಬಿ ಹಿಡಿದು ನೋಡಿ ಸರಿಯೆಂದು ತಲೆಯಾಡಿಸಿದ. ಆ ಹುಡುಗ ಎರಡು ಸಲ ತಿರುಗಿಸಿ, "ಸರಿಯಿದೆ ಸರ್" ಎಂದ.

"ಇವನು ಸರಿ ಅಂದ್ಮೇಲೆ ಸರಿ!" ಎಂದು ಡೆಲ್ಮರ್ ಎರಡೂ ಬೆಂಚುಗಳಿಗೆ ಕೇಳುವಂತೆ ಕೂಗಿ ಸೀಟಿ ಊದಿದರು.

ಆ ಋತುವಿನಲ್ಲಿ ಮೊದಲ ಸಲ ನಾನು ಕುಳಿತುಕೊಂಡು ಆಟ ನೋಡಿದೆ.