ಐತಪ್ಪ ಬಾಗಿಲು ತೆಗೆದದ್ದು

ಐತಪ್ಪ ಹುಟ್ಟಿದ್ದು ಬಂಟ್ವಾಳದ ಬದಿ. ಇಪ್ಪತ್ತೊಂದಕ್ಕೆ ಮಾಲ್ಡೀವ್ಸ್‌ಗೆ ಹೋಗಿ ರಾಜಧಾನಿ ಮಾಲೆಯ ಒಂದು ಮನೆಯಲ್ಲಿ ಅಡುಗೆಗೆ ನಿಂತ. ಆ ಮನೆಯವರು ತಮ್ಮ ದೇಶದ ರೋಗಿಗಳಿಗೆಂದು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ನಾಲ್ಕು ಕೋಣೆಯ ವಸತಿ ತೆರೆದಾಗ ಪಾತ್ರೆ ಪಡಗದ ಜೊತೆ ಇವನನ್ನೂ ತಂದರು. ಮೂವತ್ತು ವರ್ಷ ಆ ದ್ವೀಪದವರಿಗೆ ಬೇಯಿಸಿ ಹಾಕಿದವನಿಗೆ ಅವರ ಭಾಷೆ ಕನ್ನಡದಷ್ಟೇ ಸಲೀಸು.

ಆ ದೇಶದಲ್ಲಿ ನೀರು ಹೆಚ್ಚು, ನೆಲ ಕಡಿಮೆ. ಎಷ್ಟೋ ದ್ವೀಪಗಳಲ್ಲಿ ಒಂದು ಸ್ಕ್ಯಾನ್ ಮಾಡಿಸಬೇಕಾದರೂ ದೋಣಿ ಹತ್ತಬೇಕು. ದೊಡ್ಡ ಕಾಯಿಲೆ ಬಂದವರು, ಮಕ್ಕಳನ್ನು ಓದಿಸಬೇಕೆನ್ನುವವರು ಮಲೇಷ್ಯಾದ ದಾರಿ ಹಿಡಿಯುತ್ತಾರೆ. ಗಂಡ ದ್ವೀಪದಲ್ಲೇ ದುಡಿಯುತ್ತಾನೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೌಲಾಲಂಪುರದ ಅಂಚಿನ ಪುಚೊಂಗ್‌ನಲ್ಲೋ ಇನ್ನೆಲ್ಲೋ ಬಾಡಿಗೆಗಿರುತ್ತಾಳೆ. ಆರು ತಿಂಗಳಿಗೆಂದು ಬಂದವರು ಹತ್ತು ವರ್ಷ ಉಳಿಯುತ್ತಾರೆ. ಆದರೂ ಕೇಳಿ ನೋಡಿ, ಒಬ್ಬರ ಬಾಯಲ್ಲೂ ವಲಸೆ ಎಂಬ ಮಾತು ಬರುವುದಿಲ್ಲ. ‘ಟ್ರೀಟ್‌ಮೆಂಟಿಗೆ ಬಂದಿದ್ದೀವಿ’ ಅನ್ನುತ್ತಾರೆ.

ಹುಸೇನ್ ಹಾಗೆ ಬಂದವನು. ಎಪ್ಪತ್ತರ ಮೀನುಗಾರ, ಗಂಟಲ ಕ್ಯಾನ್ಸರ್. ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಡಾಕ್ಟರು ಇನ್ನು ಮಾಡುವಂಥದ್ದೇನಿಲ್ಲ, ಹೆಚ್ಚೆಂದರೆ ಮೂರು ತಿಂಗಳು ಅಂದರು. ಅದೇ ವಾರ ಗಡಿ ಮುಚ್ಚಿತು, ವಿಮಾನಗಳು ನಿಂತವು. ಜೊತೆಗಿದ್ದ ಮಗಳು ಶಫೀಯಾ ಮಕ್ಕಳನ್ನು ನೋಡಿ ಬರುತ್ತೇನೆಂದು ದ್ವೀಪಕ್ಕೆ ಹೋದವಳು ಅಲ್ಲೇ ಸಿಕ್ಕಿಕೊಂಡಳು. ಉಳಿದ ರೋಗಿಗಳು ಮೊದಲೇ ಹೋಗಿದ್ದರು. ನಾಲ್ಕು ಕೋಣೆಯಲ್ಲಿ ಮುದುಕ ಮತ್ತು ಐತಪ್ಪ, ಇಬ್ಬರೇ.

“ಐತಪ್ಪ, ನನ್ನನ್ನು ಊರಿನ ಮಣ್ಣಿಗೆ ಹಾಕಿಸು. ಇಲ್ಲಿ ಪಕ್ಕದಲ್ಲಿ ಮಲಗಿರೋರು ಯಾರು ಅಂತಾನೇ ನನಗೆ ಗೊತ್ತಿರಲ್ಲ,” ಅಂದಿದ್ದ ಹುಸೇನ್.

“ವಿಮಾನ ಹತ್ತಿಸ್ತೀನಿ, ಸುಮ್ನೆ ಗಂಜಿ ಕುಡಿ,” ಅಂದ ಐತಪ್ಪ.

ಮೇ ತಿಂಗಳಲ್ಲಿ, ರಂಜಾನ್ ಉಪವಾಸದ ದಿನಗಳಲ್ಲಿ, ಸಿಕ್ಕಿಬಿದ್ದವರನ್ನು ಕರೆದೊಯ್ಯಲು ಒಂದು ವಿಶೇಷ ವಿಮಾನ ಗೊತ್ತಾಯಿತು. ಐತಪ್ಪ ಎರಡು ವಾರ ಫೋನಿಗೆ ಜೋತುಬಿದ್ದು ಮುದುಕನಿಗೆ ಸೀಟು ಗಿಟ್ಟಿಸಿದ. ಖುಷಿಯಲ್ಲಿ ಶಫೀಯಾ ದ್ವೀಪದವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು: ‘ಬಪ್ಪ ಬರ್ತಿದ್ದಾರೆ, ಸಾಮಾನು ಕಳಿಸೋರು ಕಳಿಸಬಹುದು.’ ಹಾಗೆ ಹೇಳುವುದು ಅವರಲ್ಲಿ ಮರ್ಯಾದೆ. ಊರಿಗೆ ಹೊರಟವರು ಹತ್ತು ಮನೆಯ ಗಂಟು ಹೊರಬೇಕು. ಅಂಗೈಯಗಲದ ದ್ವೀಪಕ್ಕೆ ಅಂಚೆಯೂ ಇದೇ, ನೆಂಟಸ್ತಿಕೆಯೂ ಇದೇ.

ಮೇಲಿನ ಮಹಡಿಯ ಡಾಕ್ಟರ್ ದೇವಕಿ, ಮಣಿಪಾಲದಿಂದ ಬಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರು, ಮೆಟ್ಟಿಲಲ್ಲಿ ಐತಪ್ಪನನ್ನು ತಡೆದರು.

“ಹೌದಾ ಐತಪ್ಪ, ನಿಮ್ಮಲ್ಲಿಗೆ ಜನ ಬರ್ತಾರಂತೆ?”

“ಪಾರ್ಸೆಲ್ ಕೊಡ್ಲಿಕ್ಕೆ ಡಾಕ್ಟ್ರೇ. ಹಬ್ಬದ ಬಟ್ಟೆ, ಬಿಪಿ ಮಾತ್ರೆ, ಹಾಲಿನ ಪುಡಿ, ಅಷ್ಟೇ.”

“ಬಾಗಿಲು ತೆಗಿಬೇಡಿ ಮಾರಾಯ್ರೆ! ಟೆಸ್ಟ್ ಆಗಿ ಫ್ಲೈಟ್ ಹತ್ತುವವರೆಗೆ ಆ ಅಜ್ಜನ ಹತ್ರ ಒಂದು ನೊಣವನ್ನೂ ಬಿಡಬೇಡಿ. ನಿಮಗೆ ಬಾಯಿ ಇಲ್ವಾ, ಆಗೂದಿಲ್ಲ ಅಂತ ಹೇಳ್ಲಿಕ್ಕೆ?”

“ಹೇಳ್ತೇನೆ, ಹೇಳ್ತೇನೆ.”

ಹೇಳಿದ ಕೂಡ. ಮೊದಲ ನಾಲ್ವರು ಗಂಟನ್ನು ಹೊಸ್ತಿಲಲ್ಲಿಟ್ಟು ಹೋದರು. ಸಂಜೆಯ ಹೊತ್ತಿಗೆ ಪುಚೊಂಗ್‌ನಿಂದ ನಸೀಮಾ ಎರಡು ಮಕ್ಕಳೊಂದಿಗೆ ಬಂದಳು, ಅವಳ ಬೆನ್ನಿಗೇ ಇನ್ನೂ ಆರು ಮಂದಿ. ಬೆಳಗಿನಿಂದ ನೀರು ಮುಟ್ಟದವರು. ಉಪವಾಸ ಬಿಡಲು ಇನ್ನು ಹತ್ತು ನಿಮಿಷ. ಒಳಗೆ ಐತಪ್ಪನ ಒಲೆಯ ಮೇಲೆ ಮೀನಿನ ವಡೆ ಕರಿಯುವ ವಾಸನೆ.

“ಬೇಬೆ,” ಅಂದಳು ನಸೀಮಾ, ಅವರ ಭಾಷೆಯಲ್ಲಿ ಅಣ್ಣ ಎಂದು. “ಹೊರಗೆ ನಿಲ್ಲಿಸಿಯೇ ಕಳಿಸ್ತೀಯಾ? ನೀನು ಯಾವಾಗ ಆಫೀಸರ್ ಆದೆ?”

ಎಲ್ಲರೂ ನಕ್ಕರು. ಐತಪ್ಪನೂ ನಕ್ಕ. ಬಾಗಿಲು ತೆಗೆದ, ಚಾಪೆ ಹಾಸಿದ. ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂತರು. ಹುಸೇನನನ್ನೂ ಎತ್ತಿ ಕೂರಿಸಿದರು. ಇಷ್ಟು ದಿನಗಳಲ್ಲಿ ಮುದುಕ ಅಷ್ಟು ಮಾತಾಡಿದ್ದನ್ನು ಐತಪ್ಪ ಕಂಡಿರಲಿಲ್ಲ.

ನಾಲ್ಕನೆಯ ದಿನ ನಸೀಮಾಳಿಗೆ ಪಾಸಿಟಿವ್. ಎಲ್ಲೆಲ್ಲಿ ಹೋಗಿದ್ದೆ ಎಂದು ಕೇಳಿದವರಿಗೆ ಅವಳು ಸುಳ್ಳು ಹೇಳಲಿಲ್ಲ. ಬಿಳಿ ಅಂಗಿ ತೊಟ್ಟವರು ಬಂದು ಐತಪ್ಪನ ಬಾಗಿಲಿಗೆ ಕಾಗದ ಅಂಟಿಸಿದರು: ಹದಿನಾಲ್ಕು ದಿನ ಯಾರೂ ಹೊರಬರುವಂತಿಲ್ಲ. ವಿಮಾನ ಎರಡು ದಿನದಲ್ಲಿತ್ತು. ಹುಸೇನನ ಪರೀಕ್ಷೆ ನೆಗೆಟಿವ್ ಬಂತು. ಅದಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡಿದ್ದನಲ್ಲ.

ಹೊರಡುವ ದಿನ ಐತಪ್ಪ ಮುದುಕನಿಗೆ ಇಸ್ತ್ರಿ ಅಂಗಿ ತೊಡಿಸಿ, ಬಾಗಿಲು ಸಂದು ಮಾಡಿ, ಕಾವಲುಗಾರ ಮುರುಗಯ್ಯನನ್ನು ಕೂಗಿದ.

“ಅಣ್ಣೇ, ಒಂದು ಟ್ಯಾಕ್ಸಿ ಕರಿ. ಇವನೊಬ್ಬನೇ ಹೋಗ್ತಾನೆ, ನಾನು ಬರಲ್ಲ.”

“ಐಯೋ, ಆಗೋದಿಲ್ಲ! ಕಾಗದ ನೋಡು, ನನ್ನ ಕೆಲಸ ಹೋಗ್ತದೆ.”

“ಸಾಯೋನಪ್ಪ ಇವನು.”

“ನನಗೇನು ಕಣ್ಣಿಲ್ವಾ? ಬಾಗಿಲು ಹಾಕಣ್ಣೇ. ದಮ್ಮಯ್ಯ, ಹಾಕು.”

ಚಳವಳಿಯಾದರೆ ಗೇಟು ಮುರಿಯಬಹುದು, ರಸ್ತೆಗೆ ಅಡ್ಡ ಮಲಗಬಹುದು. ಇಲ್ಲಿ ಯಾರ ವಿರುದ್ಧ ಕೂಗುವುದು? ಮುರುಗಯ್ಯ ಕೆಟ್ಟವನಲ್ಲ. ಕಾಗದ ಅಂಟಿಸಿದವರೂ ತಪ್ಪು ಮಾಡಿರಲಿಲ್ಲ. ಐತಪ್ಪ ಬಾಗಿಲು ಹಾಕಿದ.

ಹದಿನಾಲ್ಕು ದಿನ ಮುಗಿಯುವ ಹೊತ್ತಿಗೆ ಹಬ್ಬ ಕಳೆದಿತ್ತು, ಹುಸೇನನಿಗೆ ಕೂರುವ ಶಕ್ತಿ ಇರಲಿಲ್ಲ. ಜೂನ್ ಕೊನೆಗೆ ಇನ್ನೊಂದು ವಿಮಾನ ಇದೆಯೆಂದರು. ಸೀಟಿನಲ್ಲಿ ನೆಟ್ಟಗೆ ಕೂರಬಲ್ಲವರಿಗೆ ಮಾತ್ರ. ಐತಪ್ಪ ದಿಂಬು ಒತ್ತಿ ಕೂರಿಸಿ ನೋಡಿದ. ಮುದುಕ ಪಕ್ಕಕ್ಕೆ ವಾಲಿದ. ಮರುದಿನ ಮತ್ತೆ ಕೂರಿಸಿದ.

“ಬಿಡು,” ಅಂದ ಹುಸೇನ್. ಆಮೇಲೆ ಅವನು ಊರಿನ ಮಾತು ಎತ್ತಲಿಲ್ಲ.

ಶಫೀಯಾ ಫೋನಿನಲ್ಲಿ ಅಳಲಿಲ್ಲ. “ಬೇಬೆ, ಅಲ್ಲೇ ಎಲ್ಲಾದ್ರೂ ಮಣ್ಣಿಗೆ ಜಾಗ ಕೇಳಿಡು. ಹೊತ್ತಿಗೆ ಸರಿಯಾಗಿ ಓಡಾಡೋಕೆ ಅಲ್ಲಿ ನಮ್ಮೋರು ಯಾರಿದ್ದಾರೆ?” ಅಂದಳು.

ಹಣೆಯ ಗಂಧ ಒರೆಸಿಕೊಂಡು ಬಂಟ್ವಾಳದ ಐತಪ್ಪ ಮಸೀದಿಯ ಕಚೇರಿಗೆ ಹೋದ. ಗಾಜಿನಾಚೆ ಕೂತಿದ್ದ ಮಲಯ ಗುಮಾಸ್ತ ಫಾರ್ಮ್ ಎಳೆದುಕೊಂಡು ಹೆಸರು, ದೇಶ, ಪಾಸ್‌ಪೋರ್ಟ್ ನಂಬರು ಬರೆದ.

“ತೀರಿಕೊಂಡದ್ದು ಯಾವಾಗ?”

“ಇನ್ನೂ ಬದುಕಿದ್ದಾನೆ.”

ಗುಮಾಸ್ತ ಪೆನ್ನು ಕೆಳಗಿಟ್ಟ. ಒರಟಾಗೇನೂ ಹೇಳಲಿಲ್ಲ.

“ಹಾಗಾದ್ರೆ ಈಗ ಆಗಲ್ಲ ಅಣ್ಣ. ಆಮೇಲೆ ಬನ್ನಿ.”

ಹಿಂದೆ ಸಾಲಿನಲ್ಲಿದ್ದವರು ಮುಂದೆ ಬಂದಾಗ ಐತಪ್ಪ ಪಕ್ಕಕ್ಕೆ ಸರಿದು, ಗಂಜಿಯ ಹೊತ್ತಾಯಿತೆಂದು ಮನೆಗೆ ನಡೆದ.