ಹೆಬ್ಬಾತಿಲ್ಲದ ಜಗಲಿ

ಮುಂಬಾಗಿಲಿಗೆ ಕೆಂಪು ಬಣ್ಣ ಬಳಿದರೆ ಮನೆ ಬೇಗ ಮಾರಾಟವಾಗುತ್ತದೆ ಎಂದು ಹೇಳಿದವಳು ಮನೆ ಮಾರಿಸಿಕೊಡುವ ಏಜೆಂಟ್ ಕೆಂಡ್ರಾ. ಬಣ್ಣ ಒಣಗುವ ತನಕ ಬಾಗಿಲು ಮುಚ್ಚಬಾರದು ಎಂದು ಹೇಳಲು ಮರೆತವಳೂ ಅವಳೇ. ಗುರುವಾರ ಬೆಳಿಗ್ಗೆ ಫೋಟೋದವನು ಬರುವ ಹೊತ್ತಿಗೆ ಬಾಗಿಲು ಚೌಕಟ್ಟಿಗೆ ಅಂಟಿಕೊಂಡು ಕೂತಿತ್ತು. ಹಿಂಬಾಗಿಲಿಗೆ ಸಾಮಾನಿನ ಪೆಟ್ಟಿಗೆಗಳು ಅಡ್ಡ. ಒಳಗಿದ್ದ ಅರವತ್ತೆಂಟರ ಲವೋನ್ ಹಾಫ್ನರ್ ಕೂಗಲಿಲ್ಲ, ಬೈಯಲಿಲ್ಲ. ಕಿಟಕಿಯಿಂದ ಕಾಲು ಮುಂದುಮಾಡಿ ಜಗಲಿಗೆ ಇಳಿಯತೊಡಗಿದಳು. ಅರ್ಧ ಇಳಿದಾಗ ಫೋಟೋದವನು ಕ್ಲಿಕ್ಕಿಸಿದ. ಹೀಗಾಗಿ ಮನೆಯ ಮುಂಭಾಗದ ಜೊತೆಗೆ ಒಡತಿಯ ಹಿಂಭಾಗವೂ ಮನೆ ಮಾರಾಟದ ಜಾಲತಾಣದಲ್ಲಿ ಎರಡು ಗಂಟೆ ಕಾಲ ಇಡೀ ಒಹಾಯೊಗೆ ದರ್ಶನ ಕೊಟ್ಟಿತು.

ಕೆಂಡ್ರಾಗೆ ನಾಚಿಕೆಯಿಂದ ಸತ್ತಂತಾಯಿತು. ಲವೋನ್ ಇಪ್ಪತ್ತೊಂಬತ್ತು ವರ್ಷ ಊರಿನ ಶಾಲೆಯಲ್ಲಿ ಅಡುಗೆ ಮಾಡಿದವಳು. ಮೂರನೇ ಕ್ಲಾಸಿನ ಕೆಂಡ್ರಾಳ ತಟ್ಟೆಯಿಂದ ಬಟಾಣಿಯನ್ನು ಮಾತಿಲ್ಲದೆ ತೆಗೆದು, ಇನ್ನೊಂದು ಸೌಟು ಮ್ಯಾಕರೋನಿ ಹಾಕಿದ ಕೈ ಅದು. ಈಗ ಲವೋನಳ ಮಂಡಿಗಳು ಕೈಕೊಟ್ಟಿವೆ. ಮಲಗುವ ಕೋಣೆ, ಬಚ್ಚಲು ಎರಡೂ ಮಹಡಿಯ ಮೇಲೆ. ಈರಿ ಸರೋವರದ ದಡದಲ್ಲಿ, ಅವಳ ತಂಗಿ ಇರುವ ಕಟ್ಟಡದಲ್ಲೇ, ನೆಲಮಹಡಿಯ ಮನೆಯೊಂದು ಖಾಲಿಯಾಗಿತ್ತು. ಜೂನ್ ಮೂವತ್ತರ ತನಕ ಅವಳಿಗೆಂದು ಹಿಡಿದಿಟ್ಟಿದ್ದರು; ಆಮೇಲೆ ಸಾಲಿನಲ್ಲಿರುವ ಮುಂದಿನವರಿಗೆ. "ಅಷ್ಟರೊಳಗೆ ಮಾರಿಸ್ತೀನಿ ಮಿಸೆಸ್ ಹಾಫ್ನರ್" ಎಂದು ಕೆಂಡ್ರಾ ಮಾತು ಕೊಟ್ಟುಬಿಟ್ಟಿದ್ದಳು. ಜೂನ್ ಹನ್ನೆರಡು ಆಗಿತ್ತು.

ಕೆಂಡ್ರಾ ಹೇಳಿದ್ದನ್ನೆಲ್ಲ ಲವೋನ್ ತುಟಿ ಬಿಚ್ಚದೆ ಮಾಡಿಸಿದ್ದಳು. ಪೊದೆಗಳಿಗೆ ಕ್ಷೌರವಾಯಿತು. ವಾಲಿದ್ದ ಅಂಚೆಪೆಟ್ಟಿಗೆ ನೆಟ್ಟಗಾಯಿತು. ಕುಂಡಗಳಲ್ಲಿ ಜೆರೇನಿಯಂ ಬಂದವು. ಉಳಿದದ್ದು ಒಂದೇ.

"ಆ ಹೆಬ್ಬಾತು ಮಾತ್ರ…" ಎಂದು ಕೆಂಡ್ರಾ ರಾಗ ಎಳೆದಳು.

ಜಗಲಿಯ ಮೇಲಿನ ಕಾಂಕ್ರೀಟ್ ಹೆಬ್ಬಾತು. ಮೂವತ್ತೊಂದು ವರ್ಷದಿಂದ ಅಲ್ಲೇ ಇತ್ತು. ಒಂದು ದಿನವೂ ಬರಿಮೈಯಲ್ಲಿ ಇದ್ದದ್ದಿಲ್ಲ. ಮಳೆಗೆ ಹಳದಿ ರೇನ್‌ಕೋಟು, ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ನಕ್ಷತ್ರದ ಟೋಪಿ, ಶಾಲೆ ತೆರೆಯುವ ದಿನ ಬೆನ್ನಿಗೆ ಬ್ಯಾಗು, ಎಲ್ಲ ಲವೋನ್ ಹೊಲಿದದ್ದು. ವಿಲೋ ಬೀದಿಯವರು ಹವಾಮಾನಕ್ಕೆ ಆಕಾಶ ನೋಡುತ್ತಿರಲಿಲ್ಲ, ಹೆಬ್ಬಾತು ನೋಡುತ್ತಿದ್ದರು. ಗಂಡ ರೇ ತೀರಿಕೊಂಡಾಗ ಅದರ ಕತ್ತಿಗೆ ಕಪ್ಪು ಸ್ಕಾರ್ಫ್ ಬಂತು. ಲವೋನಳ ಮಂಡಿಗೆ ಶಸ್ತ್ರಚಿಕಿತ್ಸೆಯಾದಾಗ ಅದರ ಕಾಲಿಗೂ ಬ್ಯಾಂಡೇಜು. ಮಾತು ಬಾರದ ಬಾತು ಬೀದಿಗೆಲ್ಲ ಸುದ್ದಿ ಹೇಳುತ್ತಿತ್ತು.

"ಕೊಳ್ಳೋರು ಈ ಜಗಲೀಲಿ ತಮ್ಮನ್ನ ಕಲ್ಪಿಸ್ಕೋಬೇಕು, ನಿಮ್ಮನ್ನಲ್ಲ. ಬೇಜಾರಾಗುತ್ತೆ, ಗೊತ್ತು."

"ಹೂಂ" ಎಂದಳು ಲವೋನ್.

ಆ 'ಹೂಂ' ಕೆಂಡ್ರಾಳ ಎದೆಗೆ ಚುಚ್ಚಿತು. ಶನಿವಾರ ಸಂಜೆ ಮಾರಾಟದ ಫಲಕ ನೆಟ್ಟು, ಹೆಬ್ಬಾತನ್ನು ತಳ್ಳುಗಾಡಿಯಲ್ಲಿ ಗ್ಯಾರೇಜಿಗೆ ಸಾಗಿಸಿ, ಮೇಲೊಂದು ಹೊದಿಕೆ ಹೊದಿಸಿದಳು. ಭಾನುವಾರ ಮನೆ ನೋಡಲು ಜನ ಬರುವ ಹೊತ್ತಿಗೆ ಒಡತಿ ಇರಬಾರದೆಂದು ಲವೋನಳನ್ನು ಕೂದಲು ಸೆಟ್ ಮಾಡಿಸಿಕೊಳ್ಳಲು ಗೆಳತಿಯ ಮನೆಗೆ ಅಟ್ಟಿದಳು. ಮನೆ ಮಾರುವ ವಿಷಯವನ್ನು ಲವೋನ್ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸಲಹೆ ಬರುತ್ತದೆ ಎಂಬ ಭಯ.

ಒಂದು ಗಂಟೆಗೆ ಬೆಲ್ ಬಾರಿಸಿದವರು ಕೊಳ್ಳುವವರಲ್ಲ. ಎದುರುಮನೆಯ ಎಂಬತ್ತರ ವರ್ಲಿನ್, ಕಪ್ಪು ಕೋಟು ಹಾಕಿ, ಚೀಸ್-ಆಲೂಗಡ್ಡೆಯ ಗಾಜಿನ ಪಾತ್ರೆ ಹಿಡಿದು ನಿಂತಿದ್ದ. ಆ ಊರಲ್ಲಿ ಸಾವಿನ ಮನೆಗೆ ಊಟ ಒಯ್ಯುವ ಪಾತ್ರೆ. ವಾಪಸು ಬರಲೆಂದು ತಳಕ್ಕೆ ಹೆಸರಿನ ಚೀಟಿ ಅಂಟಿಸಿದ್ದ.

"ಕೊನೇಲಿ ನೋವು ತಿಂದಳೇನಮ್ಮಾ?"

"ಯಾರು?"

"ಲವೋನ್. ಬೆಳಿಗ್ಗೆ ಎದ್ದು ನೋಡ್ತೀನಿ, ಹೆಬ್ಬಾತಿಲ್ಲ! ಆಗಲೇ ಅಂದ್ಕೊಂಡೆ. ನೀನು ಸೋದರ ಸೊಸೆನಾ? ಹೆಣ ಆರೋ ಮುಂಚೆ ಬೋರ್ಡ್ ನೆಟ್ಟಿದ್ದೀಯಲ್ಲ, ಭೇಷ್!"

"ಅವರು ಬದುಕಿದಾರೆ! ತಲೆ ಬಾಚಿಸ್ಕೊಳ್ಳೋಕೆ ಹೋಗಿದಾರೆ."

"ಪೆಟ್ಟಿಗೇಲಿ ಮಲಗಿಸೋ ಮುಂಚೆ ಎಲ್ರಿಗೂ ಬಾಚ್ತಾರೆ ಬಿಡು" ಎಂದು ವರ್ಲಿನ್ ಕರವಸ್ತ್ರ ತೆಗೆದ.

ಅವನ ಹಿಂದೆ ಇಡೀ ಬೀದಿ ಬರುತ್ತಿತ್ತು. ಹೊಸದಾಗಿ ಕತ್ತರಿಸಿದ ಹುಲ್ಲಿನ ಮೇಲೆ ಕಾರುಗಳು ನಿಂತವು. ಒಬ್ಬಳ ಕೈಲಿ ಹಂದಿಮಾಂಸ, ಇನ್ನೊಬ್ಬಳ ಕೈಲಿ ನಡುಗುವ ಹಸಿರು ಜೆಲ್ಲಿ. ಯಾರೋ ಜೆರೇನಿಯಂ ಕುಂಡದ ಮೇಲೆ ಕೂತು ಬಿಕ್ಕಿದರು. ಕೆಂಡ್ರಾ ಒಬ್ಬೊಬ್ಬರಿಗೂ "ಬದುಕಿದಾರೆ, ಬದುಕಿದಾರೆ" ಎನ್ನುತ್ತಿರುವಾಗಲೇ ಬಂದರು ನಿಜವಾದ ಗಿರಾಕಿಗಳು: ಡೆರಿಕ್ ಮತ್ತು ಬಸುರಿ ಹೆಂಡತಿ ಟೆಸ್. ಕೆಂಡ್ರಾಳ ಕಣ್ಣೆದುರು ನೆಲಮಹಡಿಯ ಮನೆ ಸರೋವರದಲ್ಲಿ ಮುಳುಗಿತು.

ಆಗ ಲವೋನ್ ಬಂದಳು, ಕೂದಲು ಹೂಕೋಸಿನಂತೆ ಅರಳಿಸಿಕೊಂಡು.

"ಸತ್ತ ಮೇಲೆ ಕಳೆ ಬಂದಿದೆ ಕಣೇ ನಿಂಗೆ!" ಎಂದ ವರ್ಲಿನ್, ಅಳುತ್ತಲೇ.

ಲವೋನ್ ಅವನ ಪಾತ್ರೆಗೆ ಚಮಚ ಹಾಕಿ ರುಚಿ ನೋಡಿದಳು. "ನಾನು ಸತ್ರೂ ಉಪ್ಪು ಹಾಕೋದು ಕಲಿಯಲ್ವಲ್ಲೋ ನೀನು."

ಆಮೇಲೆ ಉಳಿದದ್ದು ಊಟ. ಡೆರಿಕ್ ಎರಡು ಸಲ ಬಡಿಸಿಕೊಂಡ. "ನಾವಿರೋ ಕಡೆ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ" ಎಂದ ಕೆಂಡ್ರಾಗೆ. "ಇಲ್ಲಿ ಸತ್ರೆ ಹನ್ನೊಂದು ಪಾತ್ರೆ ಊಟ ಬರುತ್ತೆ."

"ಸಾಯದೇ ಇದ್ರೂ ಬಂತಲ್ಲ!" ಎಂದಳು ಟೆಸ್. "ಕೇಳಿದ ಬೆಲೆಗೇ ತಗೋತೀವಿ. ಈ ತಿಂಗಳೇ ಕಾಗದ ಮುಗಿಸೋಣ."

ಕೆಂಡ್ರಾಳ ಮೊದಲ ಕೆಲಸ ಗ್ಯಾರೇಜಿಗೆ ಓಡಿ ಹೆಬ್ಬಾತನ್ನು ತಳ್ಳಿಕೊಂಡು ಬಂದದ್ದು. ತಪ್ಪೊಪ್ಪಿಗೆಯಂತೆ ಅದನ್ನು ಲವೋನಳ ಮುಂದೆ ನಿಲ್ಲಿಸಿ, ಹೊದಿಕೆ ತೆಗೆದಳು. ಬೀದಿಯವರು ಚಪ್ಪಾಳೆ ತಟ್ಟಿದರು. ಟೆಸ್‌ಗೆ ಕಣ್ಣು ತುಂಬಿ ಬಂತು.

"ಮೂವತ್ತೊಂದು ವರ್ಷ ಇದಕ್ಕೆ ಬಟ್ಟೆ ಹೊಲಿದಿದ್ದೀರಂತೆ. ಮಗು ಥರ ಸಾಕಿದ್ದೀರಿ. ಜೊತೇಲೇ ಕರ್ಕೊಂಡು ಹೋಗ್ತೀರಲ್ವಾ, ಮಿಸೆಸ್ ಹಾಫ್ನರ್?"

ಲವೋನ್ ಬಾಯಿ ಒರೆಸಿಕೊಂಡಳು.

"ನಾನ್ಯಾಕಮ್ಮಾ ಕರ್ಕೊಂಡು ಹೋಗ್ಲಿ? ಈ ಮನೆ ಕೊಂಡಾಗ ಹಿಂದಿನೋರು ಬಿಟ್ಟು ಹೋಗಿದ್ರು. ಎತ್ತಿ ಎಸೆಯೋಕೆ ಆಗ್ಲಿಲ್ಲ, ಬೆತ್ತಲೆ ನೋಡೋಕೂ ಆಗ್ಲಿಲ್ಲ. ಅದರ ಬಟ್ಟೆ ಅಳತೆ ಅಡುಗೆಮನೆ ಡ್ರಾಯರ್‌ನಲ್ಲಿದೆ, ತಗೋ."