ಕೇದಿಗೆ ಅತ್ತರು, ಕುಸುಬಿ ಎಣ್ಣೆ

ವೀರಭದ್ರ ದೇವರು ಮುನಿದಿರಲಿಲ್ಲ. ಸೊಸೆ ಮೈಲಿಗೆ ಮಾಡಿರಲಿಲ್ಲ. ಒರೆಯೊಳಗೆ ಎಣ್ಣೆ ಒಣಗಿ ಕತ್ತಿ ಅಂಟಿಕೊಂಡಿತ್ತು. ಆದದ್ದು ಇಷ್ಟೇ.

ನಮ್ಮ ಯಜಮಾನರು ಇಳಕಲ್ಲಿನಲ್ಲಿ ಸೀರೆ ನೇಯುವವರು, ಜೊತೆಗೆ ಪುರವಂತರು. ಮದುವೆ ಮನೆಯಿಂದ ವೀರಭದ್ರನ ಗುಗ್ಗಳದ ಮೆರವಣಿಗೆ ಹೊರಟಾಗ ಮುಂದೆ ನಿಂತು ದೇವರನ್ನು ಹೊಗಳುವ ಒಡಪು ಹೇಳಿ, ಕತ್ತಿ ಹಿರಿದು ಕುಣಿಯುವುದು ಅವರ ಸೇವೆ. ಆ ಕತ್ತಿಗೆ ಎಣ್ಣೆ ಹಚ್ಚಿ ಒರೆಗೆ ಸೇರಿಸುವುದು ಮನೆಯ ಸೊಸೆಯ ಕೆಲಸ. ಮೊದಲು ನಾನು ಮಾಡುತ್ತಿದ್ದೆ, ಈಗ ಗಂಗವ್ವ.

ಇಷ್ಟು ವರ್ಷ ಹಚ್ಚಿದ್ದು ಲವಂಗದ ಎಣ್ಣೆ. ತೆಳ್ಳಗೆ ಒಂದು ಕೈ ಒರೆಸಿದರೆ ಮುಗಿಯಿತು. ತುಕ್ಕೂ ಇಲ್ಲ, ಅಂಟೂ ಇಲ್ಲ. ಈ ಸಲ ಬಾಗಲಕೋಟೆ ಪೇಟೆಯಲ್ಲಿ, ಅತ್ತರಿನ ಅಂಗಡಿ ಮುಂದೆ ಇವರ ಮನಸ್ಸು ತಿರುಗಿತು. ಅಂಗಡಿಯ ಸಾಬರು ಗಂಧ, ವಾಳ, ಕೇದಿಗೆ ಅಂತ ಒಂದೊಂದನ್ನೇ ಇವರ ಮುಂಗೈಗೆ ತಿಕ್ಕಿದರು. ಇವರು ಮೂಸಿದ್ದೇ ಮೂಸಿದ್ದು.

“ಲವಂಗದ್ದ ತಗೊಳ್ರಿ, ಹೋಗೂಣು,” ಅಂದೆ.

“ಹಲ್ಲುಬ್ಯಾನಿ ವಾಸನಿ ಅದು. ದೇವರಿಗೆ ಎಷ್ಟು ವರ್ಷ ಅದನ್ನ ಮೂಸಸೂದು?” ಅಂದರು. ಕೇದಿಗೆ ಕೊಂಡರು. (ಬೇಸರವಾಯಿತೆಂದು ದೇವರು ಹೇಳಿಕಳಿಸಿದ್ದನೇ?)

ಶೀಸೆ ಹೆಬ್ಬೆರಳಿನಷ್ಟು. ಕತ್ತಿ ತೋಳಿನಷ್ಟು. ಸಾಲುವುದು ಹೇಗೆ? ಮನೆಗೆ ಬಂದವರೇ ಅತ್ತರನ್ನು ಅಡಿಗೆಯ ಕುಸುಬಿ ಎಣ್ಣೆಗೆ ಸುರಿದು ಕಲಸಿದರು. “ಗಂಗವ್ವ, ಕೈ ಬಿಚ್ಚಿ ಹಚ್ಚವಾ,” ಅಂದರು. ಮಾವನ ಮಾತು. ಹಚ್ಚದೆ ಇರುತ್ತಾಳೆಯೇ? ಮನೆಯೆಲ್ಲ ಘಮ್ಮೆಂದಿತು. ಆಮೇಲೆ ಬೇಸಿಗೆ ಬಂತು. ಗುಗ್ಗಳಕ್ಕೆ ಕರೆ ಬರಲಿಲ್ಲ, ಕತ್ತಿಯನ್ನು ಯಾರೂ ಮುಟ್ಟಲಿಲ್ಲ.

ಹೋದ ವಾರ ನಮ್ಮ ಓಣಿಯಲ್ಲಿ ಮದುವೆ. ಸಂಬಾಳ ಬಾರಿಸುತ್ತಿದ್ದರು. ಇವರು ಒಡಪು ಮುಗಿಸಿ ಹಿಡಿಗೆ ಕೈ ಹಾಕಿದರು. ಕತ್ತಿ ಬರಲಿಲ್ಲ. ಇನ್ನಿಬ್ಬರು ಒರೆ ಹಿಡಿದು ಜಗ್ಗಿದರು. ಬರಲಿಲ್ಲ. ಸಂಬಾಳ ನಿಂತಿತು. ಬೀಗರ ಕಡೆಯ ಹೆಂಗಸೊಬ್ಬಳು ಬಾಯಿ ಬಿಟ್ಟಳು:

“ಕತ್ತಿಗೆ ಎಣ್ಣಿ ಹಚ್ಚಿದಾಕಿ ಯಾರು? ಹೊರಗಾದಾಗ ಮುಟ್ಟಿದ್ಲೇನ, ಕೇಳ್ರಿ.”

(ನಮಗೆ ಸೂತಕವಿಲ್ಲವೆಂದು ಶರಣರು ಹೇಳಿ ಎಷ್ಟು ಕಾಲವಾಯಿತು? ಬೇಕಾದಾಗ ಯಾರಿಗೂ ನೆನಪಾಗುವುದಿಲ್ಲ.)

ಎಲ್ಲರೂ ಗಂಗವ್ವನನ್ನು ನೋಡಿದರು. ಗಂಗವ್ವ ಮಾವನನ್ನು ನೋಡಿದಳು. ಮಾವ ನೆಲ ನೋಡಿದರು.

ಸಂಜೆಗೇ ಅವಳು ಕೂಸನ್ನು ಎತ್ತಿಕೊಂಡು ಹುನಗುಂದಕ್ಕೆ, ತವರಿಗೆ ಹೋದಳು. ಅವಳ ಗಂಡ, ಅಂದರೆ ನನ್ನ ಮಗ, “ಅಪ್ಪನ ಮುಂದ ನಾ ಏನ್ ಹೇಳ್ಲಿ,” ಅಂತ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ.

ನಾನು ಒರೆಯ ಬಾಯಿಗೆ ಚಿಮಣಿ ಎಣ್ಣೆ ಬಿಟ್ಟು ಇಟ್ಟೆ. ನೆನೆದ ಮೇಲೆ ಕತ್ತಿ ಬಂತು. ಮೈತುಂಬ ಹಳದಿ ಅಂಟು. ನಮ್ಮ ಎಣ್ಣೆ ಗಡಿಗೆಯ ಬಾಯಿಗೆ ಕಟ್ಟುವುದೂ ಇದೇ ಅಂಟು. ಕೆರೆದು ತೊಳೆದವರಿಗೆ ಗೊತ್ತು. ಇವರ ಮುಂದೆ ಹಿಡಿದೆ.

“ಕುಸುಬಿ ಎಣ್ಣಿ ಹಿಂಗ ಕಟ್ಟತೈತಿ. ಮಂದಿಗೆ ಹೇಳ್ರಿ.”

“ಆಗಿದ್ದು ಆತು. ಈಗ ಹೇಳಿದ್ರ ನಗತಾರ.”

“ಆ ಹುಡುಗಿ ಅತ್ತದ್ದು?”

ಇವರು ರುಮಾಲು ಕೊಡವಿ ಹೊರಗೆ ನಡೆದರು.

ನಾನೇ ಬಸ್ಸು ಹತ್ತಿದೆ. ಗಂಗವ್ವ ಚಹಾ ಕೊಟ್ಟಳು. ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಆಮೇಲೆ ಹೇಳಿದಳು:

“ನೀವು ಬಂದದ್ದು ಛಲೋ ಆತು, ಅತ್ತಿ. ಆದ್ರ ನೀವ್ಯಾಕ ಬಂದ್ರಿ? ಎಣ್ಣಿ ಕಲಸಿದವ್ರು ಮಾವಾರು. ಅವರು ಬಂದು ನಮ್ಮಪ್ಪನ ಮುಂದ ಒಂದ ಮಾತು ಹೇಳ್ಲಿ, ಬರ್ತೇನಿ.”

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಕೂಸನ್ನು ಕೊಟ್ಟು ಒಬ್ಬಳೇ ತಿರುಗಿ ಬಂದೆ.

ಕೇದಿಗೆ ಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ. ಎಣ್ಣೆ ಯಾರ ಕೈಯಲ್ಲಾದರೂ ಕೆಡುತ್ತದೆ. ಆದರೆ ಊರ ಮಂದಿ ಮುಂದೆ ಗಟ್ಟಿ ದನಿಯಲ್ಲಿ ಒಡಪು ಹೇಳುವ ಬಾಯಿಗೆ “ಕಲಸಿದ್ದು ನಾನು” ಅನ್ನುವ ಮಾತು ಯಾಕೆ ಬರಲಿಲ್ಲ? ಅಂದೇ ಅಂದಿದ್ದರೆ ನಾಲ್ಕು ಮಂದಿ ನಕ್ಕು ಊಟಕ್ಕೆ ಕೂರುತ್ತಿದ್ದರು. ಖಾಲಿ ತೊಟ್ಟಿಲು ದಾಟಿ ಓಡಾಡುವಾಗ ಇದೇ ಕೊರೆಯುತ್ತದೆ.

ಹುನಗುಂದದಿಂದ ಬಂದ ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಇವರು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಬಂದು ಕುಳಿತರು. “ರೊಟ್ಟಿ ಎಲ್ಲಿ?” ಅಂದರು.

“ಹುನಗುಂದದಾಗ ಸೊಸಿ ಬಡೀತಾಳ. ಅಲ್ಲೇ ಹೋಗಿ ಉಣ್ರಿ,” ಅಂದೆ.